ಬಿಗಿಯಮ್ಮನ ಹಾಯಿ, ಸಡಿಲಪ್ಪನ ಗಂಟು

ದೋಣಿಕಟ್ಟೆಯಲ್ಲಿ ಅವಳಿಗೆ ಬಿಗಿಯಮ್ಮ ಅಂತಲೇ ಹೆಸರು. ಅವಳು ಹಾಕಿದ ಗಂಟು ಬಿಚ್ಚಬೇಕಾದರೆ ಹಲ್ಲು ಗಟ್ಟಿಯಿರಬೇಕು. ಡಬ್ಬಿಯ ಮುಚ್ಚಳ, ಬಾಗಿಲ ಚಿಲಕ, ಆಡುವ ಮಾತು, ಎಲ್ಲವೂ ಬಿಗಿ. ಆ ಹೆಸರಿಟ್ಟವನು ಅವಳ ಮೈದುನ. ಅವಳೇನು ಸುಮ್ಮನಿರುವ ಪೈಕಿಯೇ? ಅವನಿಗೆ ಸಡಿಲಪ್ಪ ಎಂದು ತಿರುಗಿಸಿ ಇಟ್ಟಳು. ಅವನ ಅಂಗಿಯ ಗುಂಡಿ, ಬೂಟಿನ ದಾರ ಯಾವುದೂ ಹಾಕಿದಲ್ಲಿ ನಿಂತದ್ದಿಲ್ಲ.

ಇಬ್ಬರ ನಡುವೆ ಒಂದೇ ಹಾಯಿದೋಣಿ. ಅವನು ಜನರನ್ನು ಕೂರಿಸಿಕೊಂಡು ನೀರಿನ ಮೇಲೆ ಒಂದು ಸುತ್ತು ಹೊಡೆಸಿ ತರುತ್ತಿದ್ದ. ದಡ ಸೇರಿದ ಮೇಲೆ ದೊಡ್ಡ ಹಾಯಿ ಅವಳ ಪಾಲಿನದು. ಅದನ್ನು ಹೊಲಿದವನು ಅವಳ ಗಂಡ. ಅಂಚು ಮುಗಿಸಿ ಸೂಜಿಯನ್ನು ಡಬ್ಬಿಗೆ ಹಾಕಿದವನು ಮತ್ತೆ ಆ ಡಬ್ಬಿ ತೆರೆಯಲಿಲ್ಲ. ಅಂಥ ಹತ್ತಿ ಬಟ್ಟೆ ಈಗ ಸಿಗದು, ಅಂಥ ಕೈಯಂತೂ ಸಿಗದೇ ಸಿಗದು. ಅದಕ್ಕೇ ಅವಳು ಹಾಯಿಯನ್ನು ಬಾಣಂತನದ ಕೂಸಿನಂತೆ ನೋಡಿಕೊಳ್ಳುತ್ತಿದ್ದಳು. ಸಿಹಿನೀರು ಹೊಯ್ದು ಉಪ್ಪು ಕಳೆದು, ಗಾಳಿಗೆ ಬಿಟ್ಟು ಆರಿಸಿ, ಕೆನ್ನೆಗೊತ್ತಿ ನೋಡುವಳು. ತಣ್ಣಗೆ ತಾಗಿದರೆ ಇನ್ನೂ ಆರಿಲ್ಲ ಎಂದೇ ಲೆಕ್ಕ. ಆರಿದ ಮೇಲೆ ಹಾಯಿಯ ಬುಡ ಹಿಡಿಯುವ ಅಡ್ಡಮರದ ಮೇಲೆ ಅತ್ತಿಂದಿತ್ತ ಮಡಿಸಿ ಗವಸು ಹೊದಿಸುವಳು. ಹಳೆಯ ಮಡಿಕೆಯ ಗೆರೆಯ ಮೇಲೆ ಹೊಸ ಮಡಿಕೆ ಬೀಳಬಾರದು, ಬಟ್ಟೆ ಅಲ್ಲೇ ಸೀಳುತ್ತದೆ. ಗವಸಿನ ದಾರಗಳನ್ನು ಹಾಯಿ ಏರಿಸುವ ಕೂವೆಮರದ ಕಡೆ ಅವಳು ಕಟ್ಟಿದರೆ ದೋಣಿಯ ಬಾಲದ ಕಡೆ ಮೈದುನ ಕಟ್ಟುವನು. ಅವನು ಕಟ್ಟಿದ್ದನ್ನು ಬೈದು, ಬಿಚ್ಚಿ, ತಾನೇ ಮತ್ತೆ ಕಟ್ಟಿದರೇನೇ ಅವಳಿಗೆ ಉಂಡ ಅನ್ನ ಇಳಿಯುತ್ತಿದ್ದುದು.

ಅದೊಂದು ದಿನ ಅಲೆ ಹಾರಿ ಹಾಯಿ ತೊಯ್ದಿತ್ತು. ತೊಳೆದು ಹರವಿದ್ದಳಷ್ಟೆ, ಅಳಿಯನ ಫೋನು ಬಂತು. ಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ಮೇಲೆ ನೋಡಿದರೆ ಮೋಡ ಎಮ್ಮೆಯ ಹಿಂಡಿನಂತೆ ನುಗ್ಗಿ ಬರುತ್ತಿತ್ತು.

“ಒದ್ದೆ ಇದೆಯಲ್ಲೋ!”

“ಬಿಟ್ಟರೆ ಮಳೇಲಿ ಪೂರ್ತಿ ನೆನೆಯುತ್ತೆ ಅತ್ತಿಗೆ. ಮುಚ್ಚಿಬಿಡೋಣ. ನೀವು ಬಸ್ಸು ಹಿಡೀರಿ.”

ಇಬ್ಬರೂ ಸೇರಿ ಮಡಿಸಿ ಗವಸು ಹೊದಿಸಿದರು. ತನ್ನ ಕಡೆಯನ್ನು ಅವಳು ಉಸಿರು ಬಿಗಿಹಿಡಿದು ಕಟ್ಟಿದಳು. “ನಿನ್ನ ಕಡೆ ಬಿಗಿಯಾಗಿ ಕಟ್ಟು. ನಾನು ಬರೋವರೆಗೆ ಯಾರೂ ಮುಟ್ಟಕೂಡದು. ಯಾರೂ ಅಂದ್ರೆ ನೀನೂನು!” ಎಂದವಳೇ ಓಡಿದಳು. ಅವನ ಗಂಟು ತಿದ್ದದೆ ಅವಳು ಕಟ್ಟೆ ಬಿಟ್ಟದ್ದು ಅದೇ ಮೊದಲು.

ಮೊಮ್ಮಗಳು ಸುಖವಾಗಿ ಹುಟ್ಟಿದಳು. ಆದರೆ ಹಿಡಿದ ಮಳೆ ವಾರಗಟ್ಟಲೆ ಬಿಡಲಿಲ್ಲ. ಮಡಿಲಲ್ಲಿ ಕೂಸು, ತಲೆಯಲ್ಲಿ ಹಾಯಿ. ಒದ್ದೆ ಹತ್ತಿಯನ್ನು ಗಾಳಿಯಾಡದಂತೆ ಮುಚ್ಚಿದರೆ ಬೂಷ್ಟು ತಿಂದು ಕೊಳೆಸುತ್ತದೆ. ಅದು ಅವಳಿಗೆ ತಿಳಿಯದ್ದೇ? ಕೊನೆಗೆ ತಡೆಯಲಾರದೆ ಫೋನು ಮಾಡಿದಳು.

“ಒಂಚೂರು ಬಿಚ್ಚಿ ನೋಡೋ.”

“ಮುಟ್ಟಬೇಡ ಅಂದೋರು ನೀವೇ. ಈ ಮಳೇಲಿ ಬಿಚ್ಚಿದರೆ ಹಾಯಿಗೆ ನಾವೇ ನೀರೆರೆದ ಹಾಗಾಗುತ್ತೆ.”

“ನಿನ್ನ ಕಡೆ ಹೇಗೆ ಕಟ್ಟಿದ್ದೀಯ?”

“ನೀವು ಹೇಳಿದ ಹಾಗೇ. ಕಲ್ಲು!”

ಫೋನಿಟ್ಟು ಹಣೆ ಚಚ್ಚಿಕೊಂಡಳು. ಹುಟ್ಟಿದಾಗಿನಿಂದ ಯಾರ ಮಾತೂ ಕೇಳದವನು ಈಗಲೇ ಕೇಳಬೇಕಿತ್ತೇ?

ಮಳೆ ನಿಂತ ದಿನವೇ ಬಸ್ಸಿಳಿದು, ಮನೆಗೂ ಹೋಗದೆ, ಚೀಲ ಹೊತ್ತು ಕಟ್ಟೆಗೆ ಬಂದಳು. ಮೈದುನ ದೋಣಿಯಲ್ಲೇ ಇದ್ದ. ತಾನೇ ಹಾಕಿದ ಗಂಟು ತನಗೇ ಜಗ್ಗಲಿಲ್ಲ. ಉಗುರು ಮುರಿದು ಬಿಚ್ಚಿದರೆ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಬಟ್ಟೆಯ ಮೇಲೆ ಕರಿಚುಕ್ಕಿಗಳು, ಸಾಸಿವೆ ಚೆಲ್ಲಿದಂತೆ. ಅಲ್ಲೇ ಹಲಗೆಯ ಮೇಲೆ ಕೂತುಬಿಟ್ಟಳು.

“ಹೋಯಿತು ಕಣೋ. ನಿಮ್ಮಣ್ಣನ ಕೈಯ ಕೊನೇ ಕೆಲಸ, ನಾನೇ ಕೊಂದೆ.”

“ಸ್ವಲ್ಪ ಈ ಕಡೆ ಬನ್ನಿ ಅತ್ತಿಗೆ.” ಮೈದುನ ತಲೆ ಕೆರೆಯುತ್ತ ಕರೆದ.

ಬಾಲದ ಕಡೆ ಗವಸಿನ ದಾರಗಳು ಹಸುವಿನ ಬಾಲದಂತೆ ತೂಗಾಡುತ್ತಿದ್ದವು. ಕೆಳಗೆ ತೋಳು ತೂರುವಷ್ಟು ಸಂದು. ಮೇಲಿನ ಬಟ್ಟೆ ಕೊಡೆಯಂತೆ ಮಳೆ ತಡೆದಿತ್ತು, ಕೆಳಗಿನಿಂದ ಗಾಳಿ ಮನೆಮಗನಂತೆ ಓಡಾಡಿತ್ತು. ಒಂದು ಮಡಿಕೆ ಎಳೆದು ಕೆನ್ನೆಗೊತ್ತಿದಳು. ಬೆಚ್ಚಗಿತ್ತು. ಇನ್ನೊಂದು, ಮತ್ತೊಂದು. ಹಪ್ಪಳದಷ್ಟು ಗರಿಗರಿ, ಹೊಲಿಗೆಯ ಒಂದೆಳೆಯೂ ಬಿಟ್ಟಿರಲಿಲ್ಲ. ಬೂಷ್ಟು ಹಿಡಿದದ್ದು ತನ್ನ ಗಂಟುಗಳು ಕತ್ತು ಹಿಚುಕಿದ ಗೇಣಗಲದಲ್ಲಿ ಮಾತ್ರ.

“ಕಲ್ಲು ಅಂದೆಯಲ್ಲೋ ಸುಳ್ಳ!”

“ಕಟ್ಟೋಣ ಅಂತಲೇ ಇದ್ದೆ. ಬೈಯೋರಿಲ್ಲದೆ ಕೈ ಓಡಲಿಲ್ಲ.”

ಅವಳಿಗೆ ನಗು ಉಕ್ಕಿತು, ಹಿಂದೆಯೇ ಅಳುವೂ ಬಂತು. ಹಾಯಿಯಲ್ಲೇ ಮುಖ ಮುಚ್ಚಿಕೊಂಡಳು.

“ಈಗ ಒದ್ದೆ ಮಾಡ್ತಿರೋರು ಯಾರು?” ಅಂದ ಅವನು.

ಸೋಪು ಹಚ್ಚಿ ತಿಕ್ಕಿದಾಗ ಚುಕ್ಕಿಗಳು ಮಾಸಿದವು. ತೆಳ್ಳಗೆ ಕಲೆ ಮಾತ್ರ ಉಳಿಯಿತು. ಇರಲಿ ಬಿಡು ಎಂದುಕೊಂಡಳು. ಬಿಸಿಲು ಇಳಿಯುವ ಮುಂಚೆ ಆರಿದ ಹಾಯಿಯನ್ನು ಮಡಿಸಿ ಗವಸು ಹೊದಿಸಿದರು. ಅವಳು ತನ್ನ ಕಡೆ ಅಂಗೈ ತೂರುವಷ್ಟು ಸಂದು ಬಿಟ್ಟು ಕಟ್ಟಿದಳು. ಆಮೇಲೆ ಬಾಲದ ಕಡೆ ಹೋದಳು. ಅಭ್ಯಾಸಬಲದಿಂದ ಅವನ ಗಂಟಿನತ್ತ ಚಾಚಿದ ಕೈ ಅರ್ಧಕ್ಕೇ ನಿಂತಿತು.

“ಯಾಕತ್ತಿಗೆ, ಬಿಚ್ಚಲ್ವಾ?”

“ನಡಿ ಮನೆಗೆ. ಮೊಮ್ಮಗಳ ಫೋಟೋ ತೋರಿಸ್ತೀನಿ.” ನಾಲ್ಕು ಹೆಜ್ಜೆ ಹಾಕಿ ತಿರುಗಿದಳು. “ಮೊದಲು ಆ ಬೂಟಿನ ದಾರ ಕಟ್ಟಿಕೋ. ಬಿದ್ದು ಮೂತಿ ಒಡಕೊಂಡೀಯ. ಅದನ್ನ ಬಿಗಿಯಾಗೇ ಕಟ್ಟು!”