ಅಳೆಯದ ಬೆಳಕು

ಸರಿಯಾದ ಮಾತನ್ನೇ ಹೇಳುತ್ತಿದ್ದ ಒಬ್ಬರನ್ನು, ಅವರಿಗೆ ನಿಮ್ಮಷ್ಟು ಚೆನ್ನಾಗಿ ಮಾತನಾಡಲು ಬರುವುದಿಲ್ಲ ಎಂಬ ಒಂದೇ ಕಾರಣದಿಂದ, ನೀವು ಎಂದಾದರೂ ಸಭೆಯಲ್ಲಿ ಸೋಲಿಸಿದ್ದೀರಾ?

ನಾನು ಸೋಲಿಸಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದನ್ನೆಲ್ಲ ಬಳಸಿ, ಒಳ್ಳೆಯ ಉದ್ದೇಶಕ್ಕಾಗಿಯೇ, ಚಪ್ಪಾಳೆಯ ನಡುವೆ ಸೋಲಿಸಿದ್ದೇನೆ. ಆ ಗೆಲುವಿಗಾಗಿ ಅವರು ತೆತ್ತದ್ದು ತಮ್ಮ ಬಲಗಣ್ಣಿನ ನೋಟವನ್ನು.

ದೆಹಲಿಯ ದ್ವಾರಕಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಪಟಾಕಿ ನಿಲ್ಲಬೇಕೆಂದು ನಾನು ಮೂರು ದೀಪಾವಳಿಗಳಿಂದ ಪ್ರಯತ್ನಿಸುತ್ತಿದ್ದೆ. ಕರಪತ್ರ ಹಂಚುತ್ತಿದ್ದೆ, ಲಿಫ್ಟಿನ ಪಕ್ಕದಲ್ಲಿ ಆಯಾ ದಿನದ ಗಾಳಿಯ ಗುಣಮಟ್ಟವನ್ನು ಬರೆದು ಅಂಟಿಸುತ್ತಿದ್ದೆ. ಒಂದು ಸಭೆಯಲ್ಲಿ, ಕನ್ನಡದವರೇ ಆದ ನೆರೆಮನೆಯವರೊಬ್ಬರು ಎದ್ದು ಕೇಳಿದರು: “ಅಚ್ಛಾ, ಪಟಾಕಿ ಬೇಡ. ಬದಲಿಗೆ ಮಕ್ಕಳಿಗೆ ಏನು ಕೊಡ್ತೀರಿ ಮೇಡಂ? ಭಾಷಣಾನಾ?” ಎಲ್ಲರೂ ನಕ್ಕರು. ಉತ್ತರವಿಲ್ಲದೆ ಕುಳಿತುಕೊಳ್ಳುವುದು ನನಗೆ ಅಭ್ಯಾಸವಿರಲಿಲ್ಲ.

ಉತ್ತರ ಸಿಕ್ಕಿದ್ದು ಲೇಸರ್ ಹವ್ಯಾಸಿಗಳ ಒಂದು ಸಣ್ಣ ಗುಂಪಿನಲ್ಲಿ. ಅವರು ತಮ್ಮ ಮನೆಗಳಲ್ಲೇ ಲೇಸರ್ ಪ್ರೊಜೆಕ್ಟರುಗಳನ್ನು ಜೋಡಿಸುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲವನ್ನೂ ಒಂದೆಡೆ ತಂದು, ಒಂದೇ ಕಂಪ್ಯೂಟರಿಗೆ ಜೋಡಿಸಿ, ಸಂಗೀತಕ್ಕೆ ತಕ್ಕಂತೆ ಆಡಿಸುತ್ತಿದ್ದರು. ನನ್ನನ್ನು ಅಲ್ಲಿಗೆ ಕರೆದೊಯ್ದವನು ಲಕ್ಷ್ಮೀ ನಗರದ ಬಾಡಿಗೆ ಕೋಣೆಯಲ್ಲಿದ್ದ ಮಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್. ಯಾವ ಯಂತ್ರ ಯಾವ ಕ್ಷಣದಲ್ಲಿ ಏನು ಮಾಡಬೇಕೆಂದು ಕಂಪ್ಯೂಟರಿನಲ್ಲಿ ಬರೆಯುವುದು ಅವನ ಪಾಲಿನ ಕೆಲಸ. ಬೆಳಕಿನ ಗೆರೆಗಳು ಕಾಣಬೇಕಾದರೆ ಗಾಳಿಯಲ್ಲಿ ತುಸು ಹೊಗೆ ಇರಬೇಕೆಂದು ಅವನು ವಿವರಿಸಿದ. “ಬೇರೆ ಊರಲ್ಲಾದ್ರೆ ಹೊಗೆ ಬಿಡೋ ಮೆಷಿನ್ ತರಬೇಕು ಮೇಡಂ. ಇಲ್ಲಿ ಕಿಟಕಿ ತೆಗೆದ್ರೆ ಸಾಕು. ನಿಮ್ಮ ಶತ್ರುವೇ ನಮ್ಮ ಪರದೆ.”

ದ್ವಾರಕಾದಲ್ಲಿ ಬೆಳಕನ್ನು ಬಯಲಿಗೆ ಬಿಡುವಂತಿರಲಿಲ್ಲ. ನಮ್ಮ ತಾರಸಿಗಳ ಮೇಲೆಯೇ ವಿಮಾನಗಳು ಇಳಿಯುತ್ತವೆ. ಹಾಗಾಗಿ ಫರೀದಾಬಾದಿನಲ್ಲಿ, ಗುಂಪಿನ ಸದಸ್ಯರೊಬ್ಬರ ಕಾರ್ಖಾನೆಯ ಖಾಲಿ ಶೆಡ್ಡನ್ನು ಗೊತ್ತುಮಾಡಿದೆವು. ಅದರ ಹಿಂಗೋಡೆಗೆ ಬಡಿದು ಬೆಳಕು ಅಲ್ಲಿಯೇ ಮುಗಿಯುತ್ತಿತ್ತು. ದೀಪಾವಳಿಯ ಹಿಂದಿನ ಭಾನುವಾರ ನಮ್ಮ ಸೊಸೈಟಿಯ ಕುಟುಂಬಗಳನ್ನು ಅಲ್ಲಿಗೆ ಕರೆತರುವುದು, ಹೊಗೆಯಿಲ್ಲದ ಹಬ್ಬ ಸಾಧ್ಯವೆಂದು ಕಣ್ಣಾರೆ ತೋರಿಸುವುದು ನನ್ನ ಯೋಜನೆ.

ಪ್ರದರ್ಶನದ ನಕ್ಷೆ ಸಿದ್ಧವಾದದ್ದು ನಮ್ಮ ಪಕ್ಕದ ಸೊಸೈಟಿಯಲ್ಲಿದ್ದ, ಅದೇ ಗುಂಪಿನ ಹಿರಿಯರೊಬ್ಬರ ಊಟದ ಮೇಜಿನ ಮೇಲೆ. ಅವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು, ಹಾಸನದ ಕಡೆಯವರು. ಗ್ರಾಫ್ ಹಾಳೆಯ ಮೇಲೆ ಶೆಡ್ಡನ್ನು ಅಳತೆಗೆ ಸರಿಯಾಗಿ ಬರೆದು, ಏಳು ಯಂತ್ರಗಳ ಜಾಗ ಗುರುತಿಸಿ, ಪ್ರತಿಯೊಂದರಿಂದ ಹೊರಡುವ ಕಿರಣವನ್ನು ಬಣ್ಣದ ಪೆನ್ಸಿಲಿನಲ್ಲಿ ಎಳೆಯುತ್ತಿದ್ದರು. ಕುಳಿತವರ ಕಣ್ಣಿನ ಎತ್ತರಕ್ಕೆ ಒಂದು ಕಪ್ಪು ಗೆರೆ, ನಿಂತವರ ಕಣ್ಣಿನ ಎತ್ತರಕ್ಕೆ ಇನ್ನೊಂದು. ಯಾವ ಬಣ್ಣವೂ ಆ ಕಪ್ಪು ಗೆರೆಗಳನ್ನು ಮುಟ್ಟುತ್ತಿರಲಿಲ್ಲ. ಅವರ ಪತ್ನಿ ಸಾರಿನ ಪಾತ್ರೆ ಹಿಡಿದು ನಿಂತು ಹೇಳುತ್ತಿದ್ದರು: “ನಮ್ಮನೇಲಿ ಈ ಮೇಜು ಖಾಲಿ ಇರೋದು ಏಕಾದಶಿ ದಿನ ಮಾತ್ರ ಕಣಮ್ಮ.”

ಏಳು ಯಂತ್ರಗಳು ಒಂದಾಗಿ ನಡೆಯುವುದು ಸುಲಭವಲ್ಲ. ಒಂದು ತುಸು ಹಿಂದೆ ಬಿದ್ದರೂ ಗೋಡೆಯ ಮೇಲಿನ ವೃತ್ತ ಒಡೆಯುತ್ತದೆ. ಹಿರಿಯರು ಭೂತಗನ್ನಡಿ ಹಿಡಿದು, ಬಲಗಣ್ಣನ್ನು ಅದಕ್ಕೆ ಒತ್ತಿ, ಯಂತ್ರದೊಳಗಿನ ಉಗುರಿನಷ್ಟು ಪುಟ್ಟ ಕನ್ನಡಿಗಳನ್ನು ಕೂದಲೆಳೆಯಷ್ಟು ತಿರುಗಿಸಿ ಹೊಂದಿಸುತ್ತಿದ್ದರು. ಗುಂಪಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಎಲ್ಲ ಯಂತ್ರಗಳನ್ನೂ ಒಮ್ಮೆಲೇ ಆರಿಸುವ ಕೆಂಪು ಗುಂಡಿಯ ಮೇಲೆ ಸದಾ ಒಬ್ಬರ ಕೈ ಇರಬೇಕು. ಆ ವ್ಯಕ್ತಿ ಬೆಳಕನ್ನು ನೋಡಕೂಡದು, ಜನರನ್ನು ಮಾತ್ರ ನೋಡಬೇಕು. ಆ ಕುರ್ಚಿ ಯಾವಾಗಲೂ ಹಿರಿಯರದೇ. ತಾವೇ ಯೋಜಿಸಿದ ಯಾವ ಪ್ರದರ್ಶನವನ್ನೂ ಅವರು ಪೂರ್ತಿಯಾಗಿ ನೋಡಿರಲಿಲ್ಲ.

ಪ್ರದರ್ಶನಕ್ಕೆ ಒಂದು ವಾರವಿದ್ದಾಗ, ಶೆಡ್ಡಿನಲ್ಲಿ ಸೇರಿದ ಸಭೆಯಲ್ಲಿ ನಾನು ಒಂದು ಬದಲಾವಣೆ ಕೇಳಿದೆ. ಬೆಳಕು ತಲೆಯ ಮೇಲೆ ಹಾದುಹೋದರೆ ಸಾಲದು, ಜನರ ನಡುವೆ ಇಳಿಯಬೇಕು. ಮಕ್ಕಳು ಕೈಚಾಚಿ ಅದನ್ನು ಮುಟ್ಟಬೇಕು. ಹಿರಿಯರು ನಿಧಾನವಾಗಿ ಎದ್ದು ನಿಂತರು. ಕಿರಣವನ್ನು ಕನ್ನಡಿಗಳು ಅತಿವೇಗವಾಗಿ ಆಡಿಸುತ್ತಿರುವವರೆಗೆ ಅದು ಬೀಸಣಿಗೆಯಂತೆ ಹರಡಿ ತೆಳುವಾಗಿರುತ್ತದೆ, ಕನ್ನಡಿ ನಿಂತರೆ ಅಷ್ಟೂ ಬೆಳಕು ಒಂದೇ ಚುಕ್ಕೆಯಲ್ಲಿ ನಿಲ್ಲುತ್ತದೆ ಎಂದರು. ಹಾಗೆ ನಿಂತಾಗ ತಾನಾಗಿ ಆರುವ ವ್ಯವಸ್ಥೆ ಏಳರಲ್ಲಿ ಮೂರು ಯಂತ್ರಗಳಿಗೆ ಇರಲಿಲ್ಲ. ಬೆಳಕಿನ ತೀವ್ರತೆ ಅಳೆಯುವ ಮೀಟರ್ ಪರಿಚಯದ ಒಬ್ಬ ಅಧ್ಯಾಪಕರಿಂದ ಬರಬೇಕಿತ್ತು, ಅದಕ್ಕೆ ಇನ್ನೂ ಮೂರು ವಾರ. ಪ್ರದರ್ಶನ ಮುಂದೂಡಿ ಎಂದು ಅವರು ಕೇಳಲಿಲ್ಲ. ಈ ವರ್ಷ ತಲೆಯ ಮೇಲೆಯೇ ಇರಲಿ ಎಂದರು, ಅಷ್ಟೆ.

ನಾನು ಎದ್ದೆ. “ಗುಂಪು ಪ್ರದರ್ಶನ ನಡೆಸಿದ ಈ ಐದು ವರ್ಷಗಳಲ್ಲಿ, ಆಟದ ನಡುವೆ ಒಂದು ಕನ್ನಡಿಯಾದರೂ ನಿಂತದ್ದಿದೆಯೇ ಸರ್? ಹೌದು ಅಥವಾ ಇಲ್ಲ ಅನ್ನಿ.”

“ಇಲ್ಲ. ಆದ್ರೆ...”

“ಆ ‘ಆದರೆ’ ನಿಮ್ಮ ಭಯ ಸರ್. ಅದು ಪುರಾವೆಯಲ್ಲ.”

ಕೆಲವರು ನಕ್ಕರು. ದೂರದಿಂದ ನೋಡಿದ ಬೆಳಕನ್ನು ಜನ ಮನೆ ಸೇರುವ ಮೊದಲೇ ಮರೆಯುತ್ತಾರೆ, ಮುಟ್ಟಿದ ಬೆಳಕನ್ನು ಮರೆಯುವುದಿಲ್ಲ ಎಂದೆ. ಉಸಿರು ಕಟ್ಟುವ ಈ ನಗರದಲ್ಲಿ ಎಚ್ಚರಿಕೆಯ ಹೆಸರಿನಲ್ಲಿ ಕಾಯುವುದೂ ಒಂದು ಅಪರಾಧ ಎಂದೆ. ಇನ್ನೂ ಏನೇನೋ ಹೇಳಿದೆ. ವಾಕ್ಯಗಳು ತಾವಾಗಿ ಕೂಡಿಬಂದವು, ಚಪ್ಪಾಳೆಯೂ ಬಿತ್ತು. ಹಿರಿಯರು ಗ್ರಾಫ್ ಹಾಳೆಯನ್ನು ಸುರುಳಿ ಸುತ್ತುತ್ತ ನನ್ನ ಕಡೆ ತಿರುಗಿ, ಸಭೆಯ ಹಿಂದಿ ಬಿಟ್ಟು ಕನ್ನಡದಲ್ಲಿ ಹೇಳಿದರು: “ನಂಗೆ ನಿನ್ನಷ್ಟು ಮಾತು ಬರಲ್ಲಮ್ಮ. ಅಳೆದಿಲ್ಲ, ಅಷ್ಟೆ.” ಕೈಯೆತ್ತಿ ಮತ ಹಾಕಿದಾಗ ಅವರ ಪರವಾಗಿ ಎದ್ದದ್ದು ಅವರದೊಂದೇ ಕೈ. ಶೆಡ್ಡಿನ ಮಾಲೀಕರು “ಚಲೋ, ಫೈನಲ್” ಎಂದು ಚಹಾ ತರಿಸಿದರು.

ಶನಿವಾರ ಸಂಜೆ ತಾಲೀಮು. ಇಳಿಸಿದ ಕಿರಣಗಳು ಯಾವ ಕುರ್ಚಿಯ ಮೇಲೆ ಎಷ್ಟು ಎತ್ತರಕ್ಕೆ ಬೀಳುತ್ತವೆಂದು ತಾವೇ ನೋಡಬೇಕೆಂದರು ಹಿರಿಯರು. ಕೆಂಪು ಗುಂಡಿಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, “ಬೆಳಕು ನೋಡಬೇಡಮ್ಮ. ನನ್ನನ್ನೇ ನೋಡ್ತಿರು” ಎಂದರು. ಕೈಯಲ್ಲಿ ಬಿಳಿ ರಟ್ಟು ಹಿಡಿದು ಸಾಲಿನಿಂದ ಸಾಲಿಗೆ ನಡೆದರು. ರಕ್ಷಣೆಯ ಕನ್ನಡಕ ಹಾಕಿದರೆ ಹಸಿರು ಗೆರೆಯೇ ಕಾಣುವುದಿಲ್ಲವೆಂದು ಅದನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು.

ಸಂಗೀತ ಶುರುವಾಯಿತು. ಏಳು ಬೆಳಕಿನ ಹಾಳೆಗಳು ಒಂದೇ ಉಸಿರಿನಲ್ಲಿ ತೆರೆದುಕೊಂಡು ನಿಧಾನವಾಗಿ ಕುರ್ಚಿಗಳ ನಡುವೆ ಇಳಿದವು. ನಾನು ಬೆಳಕನ್ನು ನೋಡಿದೆ. ಅವರನ್ನು ನೋಡಲಿಲ್ಲ.

ತಾನಾಗಿ ಆರದ ಮೂರರಲ್ಲಿ ಒಂದಾದ ನಾಲ್ಕನೆಯ ಯಂತ್ರದ ಹಸಿರು ಹಾಳೆ ಥಟ್ಟನೆ ಒಂದು ಗೆರೆಯಾಗಿ ನಿಂತಿತು. ಅದೂ ಪ್ರದರ್ಶನದ ಭಾಗವೇ ಇರಬೇಕೆಂದು ನಾನು ಭಾವಿಸಿದೆ. ಆಮೇಲೆ “ನಿಲ್ಸಮ್ಮ” ಎಂಬ ಅವರ ದನಿ ಕೇಳಿತು. ಗುಂಡಿ ಒತ್ತಿದೆ. ದೀಪ ಹಾಕಿದಾಗ ಅವರು ಮೂರನೆಯ ಸಾಲಿನ ಕುರ್ಚಿಯೊಂದರಲ್ಲಿ ಕುಳಿತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ತೆಗೆದು, ಮತ್ತೆ ಮುಚ್ಚಿ ತೆಗೆದು, ಎದುರಿನ ಗೋಡೆಯನ್ನು ಪರೀಕ್ಷಿಸುತ್ತಿದ್ದರು.

ಆಸ್ಪತ್ರೆಯಲ್ಲಿ ಹೇಳಿದ್ದು ಇಷ್ಟು: ಬಲಗಣ್ಣಿನ ಹಿಂಪೊರೆಯಾದ ರೆಟಿನಾದಲ್ಲಿ, ನೇರ ನೋಟದ ಜಾಗವೇ ಸುಟ್ಟಿದೆ, ಶಸ್ತ್ರಚಿಕಿತ್ಸೆಯಿಂದ ಸರಿಯಾಗುವಂಥದ್ದಲ್ಲ. ಭಾನುವಾರದ ಪ್ರದರ್ಶನ ರದ್ದಾಯಿತು. ಆ ದೀಪಾವಳಿಯಂದು ನಮ್ಮ ಸೊಸೈಟಿಯಲ್ಲಿ ಎಂದಿನಂತೆ ಪಟಾಕಿ ಸಿಡಿಯಿತು. ನಾನು ತಡೆಯಲು ಕೆಳಗಿಳಿಯಲಿಲ್ಲ.

ಮಂಗಳೂರಿನ ಎಂಜಿನಿಯರ್ ನನ್ನನ್ನು ಸಮಾಧಾನಪಡಿಸಲು ಹೇಳಿದ: ಅಂಥ ಬೆಳಕು ಕಣ್ಣು ಮಿಟುಕಿಸುವಷ್ಟರಲ್ಲಿ ಸುಡುತ್ತದೆ, ನೀವು ಅವರನ್ನೇ ನೋಡುತ್ತಿದ್ದರೂ ಗುಂಡಿ ಒತ್ತಲು ಆಗುತ್ತಿರಲಿಲ್ಲ. ಅದು ನಿಜ. ಆ ವಾದವನ್ನು ಹಿಡಿದು ನನ್ನನ್ನು ನಾನೇ ಬಿಡಿಸಿಕೊಳ್ಳಬಹುದಿತ್ತು. ಆದರೆ ಗುಂಡಿಯಿಂದ ಉಳಿಯದ ಕಣ್ಣನ್ನು ಉಳಿಸಬಹುದಾಗಿದ್ದದ್ದು ಒಂದೇ, ಆ ಬೆಳಕು ತಲೆಯ ಮೇಲೆಯೇ ಇರುವುದು; ಅದನ್ನು ಕೆಳಗಿಳಿಸಿದವಳು ನಾನು. ಅಪಾಯವಿಲ್ಲವೆಂದು ತೋರಿಸುವ ಹೊಣೆ ಬದಲಾವಣೆ ಕೇಳಿದ ನನ್ನದಾಗಿತ್ತು. ಅದನ್ನು ನಾನು ಜಾಣತನದಿಂದ ಅವರ ಹೆಗಲಿಗೆ ದಾಟಿಸಿದ್ದೆ. ಚರ್ಚಾಸ್ಪರ್ಧೆಯಲ್ಲಿ ಇದಕ್ಕೆ ಅಂಕ ಸಿಗುತ್ತದೆ.

ತಿಂಗಳ ನಂತರ ಅವರ ಮನೆಗೆ ಹೋದೆ. ಊಟದ ಮೇಜು ಖಾಲಿಯಿತ್ತು. ಅವರ ಪತ್ನಿ ಕಾಫಿ ಕೊಟ್ಟು, ನನ್ನ ಮುಖ ನೋಡದೆ ಹೇಳಿದರು: “ಆ ಮೀಟಿಂಗ್ ದಿನ ಬಂದವ್ರೇ ಇವರು ನಿಮ್ಮನ್ನೇ ಹೊಗಳಿದ್ದು. ಎಷ್ಟು ಚೆನ್ನಾಗಿ ಮಾತಾಡ್ತಾಳೆ ಆ ಹುಡುಗಿ, ಇಂಥವರು ಬೇಕು ಅಂದ್ರು.”

ಸಿದ್ಧಪಡಿಸಿಕೊಂಡು ಬಂದಿದ್ದ ಕ್ಷಮೆಯ ಭಾಷಣವನ್ನು ನಾನು ಕೈಬಿಟ್ಟೆ. ಹಿರಿಯರು ಎಡಗಣ್ಣು ಮುಚ್ಚಿ ನನ್ನತ್ತ ನೋಡಿದರು. “ನಿನ್ನ ಕಿವಿಯ ಓಲೆ ಕಾಣ್ತದೆ, ಸೀರೆ ಅಂಚು ಕಾಣ್ತದೆ. ಮುಖದ ಜಾಗದಲ್ಲಿ ಮಾತ್ರ ಒಂದು ಬೂದು ಚುಕ್ಕೆ.” ಎಡಗಣ್ಣು ತೆರೆದು ಹೇಳಿದರು: “ನಂದೂ ತಪ್ಪಿದೆ ಬಿಡಮ್ಮ. ಇನ್ನೊಂದು ಸಲ ಗಟ್ಟಿಯಾಗಿ ಬೇಡ ಅನ್ನಬೇಕಿತ್ತು.”

“ನೀವು ಒಂದು ಸಲ ಹೇಳಿದ್ದೇ ಸಾಕಾಗಬೇಕಿತ್ತು ಸರ್,” ಎಂದೆ.

ಅಳೆಯದ ವಿಷಯವನ್ನು ಮತಕ್ಕೆ ಹಾಕಬಾರದೆಂಬ ನಿಯಮವನ್ನು ಗುಂಪು ಈಗ ಬರೆದುಕೊಂಡಿದೆ. ಬರೆದದ್ದು ನಾನೇ. ಆದರೆ ಆ ಕನ್ನಡಿಗಳನ್ನು ಹೊಂದಿಸಬಲ್ಲ ಕಣ್ಣು ಇನ್ನೊಬ್ಬರಲ್ಲಿಲ್ಲ. ಅವರು ಮತ್ತೆ ಬರಲಿಲ್ಲ, ಏಳು ಯಂತ್ರಗಳು ಮತ್ತೆ ಒಂದಾಗಲಿಲ್ಲ.

ಮದುವೆ ಮಂಟಪದಲ್ಲಿ, ಸೊಸೈಟಿಯ ಹಬ್ಬದಲ್ಲಿ, ಕಾಲೇಜಿನ ವೇದಿಕೆಯಲ್ಲಿ ಲೇಸರ್ ಬೆಳಕು ಇಂದು ಮಾಮೂಲಾಗಿದೆ. ನೀವು ಅಂಥಲ್ಲಿಗೆ ಹೋದಾಗ, ಪ್ರದರ್ಶನ ಶುರುವಾಗುವ ಮೊದಲು ಅದನ್ನು ನಡೆಸುವವರ ಬಳಿಗೆ ಹೋಗಿ, ಜನ ಕೂರುವ ಜಾಗಕ್ಕೆ ಬೀಳುವ ಬೆಳಕನ್ನು ಅಳೆದಿದ್ದೀರಾ ಎಂದು ಕೇಳಿ. ಸ್ಪಷ್ಟ ಉತ್ತರ ಬರದಿದ್ದರೆ ವಾದಕ್ಕೆ ನಿಲ್ಲಬೇಡಿ. ನಿಮ್ಮ ಮನೆಯವರನ್ನು ಎಬ್ಬಿಸಿಕೊಂಡು ಹೊರಗೆ ಬನ್ನಿ, ಪಕ್ಕದವರಿಗೂ ಹೇಳಿ.