ಎರಿ ಭೂಮಿಗೆ ಬಂದ ಜರ್ಮನಿಯವನು

ಎಂಬತ್ತರ ದಶಕದಲ್ಲಿ ನಾನು ಕೈಗಾರಿಕೆ ಇಲಾಖೆಯಲ್ಲಿದ್ದೆ. ಕಾರ್ಖಾನೆಗೆ ಜಾಗ ನೋಡಲು ಬಂದಿದ್ದ ಜರ್ಮನಿಯ ಎಂಜಿನಿಯರನನ್ನು ಒಂದು ಬೇಸಿಗೆಯಲ್ಲಿ ಅಣ್ಣಿಗೇರಿ ಹತ್ತಿರದ ಹೊಲಕ್ಕೆ ಕರೆದೊಯ್ದೆ. ಆತನಿಗೆ ಒಳ್ಳೆಯದನ್ನಷ್ಟೇ ಹೇಳಬೇಕೆಂದು ನಮ್ಮ ಸಾಹೇಬರ ಅಪ್ಪಣೆಯಾಗಿತ್ತು.

ಹೊಲದ ಒಡತಿ ನೀಲವ್ವ ಮಾರಲು ಒಪ್ಪಿದ್ದಳು. "ಇಲ್ಲಿ ಏನ್ ಕಟ್ಟತಾರ್ರಿ?" ಎಂದು ಕೇಳಿದಳು.

"ಕಾರ್ಖಾನಿ, ಯವ್ವಾ. ಭಾರಿ ಮಷೀನ್ ಕೂಡಸ್ತಾರ."

"ಹಂಗಾರ ಬ್ಯಾಡಂತ ಹೇಳ್ರಿ. ಇದು ಎರಿ ಭೂಮಿ, ಬ್ಯಾಸಗ್ಯಾಗ ಬಾಯಿ ಬಿಡತೈತಿ. ನಮ್ಮ ಮನಿ ಗ್ವಾಡಿನ ನೆಟ್ಟಗ ನಿಲ್ಲಂಗಿಲ್ಲ."

ಆಕೆ ಏನೆಂದಳೆಂದು ಎಂಜಿನಿಯರ್ ಇಂಗ್ಲಿಷಿನಲ್ಲಿ ಕೇಳಿದ. "ನಿಮಗೆ ಸ್ವಾಗತ ಅಂದಳು" ಎಂದೆ. ಆತ ನನ್ನ ಮುಖವನ್ನೇ ನೋಡಿದ.

ನೀಲವ್ವನಿಗೆ ಅನುಮಾನ ಬಂದಿರಬೇಕು. ಆತನ ತೋಳು ಹಿಡಿದು ನೆಲದ ಬಿರುಕಿನ ಹತ್ತಿರ ಕರೆದೊಯ್ದು, ತನ್ನ ಊರುಗೋಲನ್ನು ಅದರಲ್ಲಿ ಇಳಿಸಿದಳು. ಕೋಲು ಹಿಡಿಕೆಯವರೆಗೂ ಒಳಗೆ ಹೋಯಿತು. ಇನ್ನು ಮುಚ್ಚಿಡುವುದೇನಿತ್ತು? ಎಲ್ಲವನ್ನೂ ಹೇಳಿಬಿಟ್ಟೆ.

"ಹೊಲ ಮಾರಬೇಕಾದವಳೇ ಇದನ್ನು ಯಾಕೆ ಹೇಳಿದಳು?" ಎಂದು ಆತ ಕೇಳಿದ.

ಅದನ್ನು ಕನ್ನಡದಲ್ಲಿ ಹೇಳಿದಾಗ ನೀಲವ್ವ ನಕ್ಕಳು. "ಮಾರಿದ ಮ್ಯಾಲೂ ನಾ ಇದ ಊರಾಗ ಇರಾಕಿ ಅಲ್ಲೇನ್ರಿ?"

ಕಾರ್ಖಾನೆ ಬೇರೆಡೆಗೆ ಹೋಯಿತು. ಜಾಗ ಯಾಕೆ ಕೈತಪ್ಪಿತೆಂದು ಸಾಹೇಬರು ಬರವಣಿಗೆಯಲ್ಲಿ ವಿವರಣೆ ಕೇಳಿದರು. ಭಾಷಾಂತರ ಸರಿಯಾಗಿ ಆದದ್ದೇ ಕಾರಣ ಎಂದು ಬರೆದುಕೊಟ್ಟೆ.