ಅವ್ವನ ಪಾಲು ಎರಡು ಸಲ

ಆಗಿನ ಮಕ್ಕಳನ್ನು ಕಾಡಿಸಲು ದೊಡ್ಡವರ ಹತ್ತಿರ ಒಂದು ಮಾತು ಸದಾ ತಯಾರಿರುತ್ತಿತ್ತು. ನಿಮಗೂ ಹೇಳಿರಬೇಕು. "ನೀ ಏನ್ ನಮ್ಮ ಮಗಳಲ್ಲ, ನಿನ್ನ ನುಚ್ಚು ಕೊಟ್ಟ ತಗೊಂಡೇವಿ" ಅಂತ. ನೀವು ಅತ್ತಿರುತ್ತೀರಿ, ದೊಡ್ಡವರು ನಕ್ಕಿರುತ್ತಾರೆ, ಕೈಯಲ್ಲಿ ಒಂದು ಬೆಲ್ಲದ ಚೂರು ಬಿದ್ದಮೇಲೆ ಎಲ್ಲ ಮುಗಿದಿರುತ್ತದೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಯಾಕಂದರೆ ನಾನು ಖರೆನೇ ಬೇರೆಯವರಿಂದ ತಂದ ಮಗಳು. ನುಚ್ಚು ಮಾತ್ರ ಯಾರೂ ಕೊಟ್ಟಿರಲಿಲ್ಲ.

ನಮ್ಮದು ಗೋಕಾಕದಲ್ಲಿ ಗೊಂಬೆ ಮಾಡುವವರ ಓಣಿ. ಅಪ್ಪ ಹಗುರ ಕಟ್ಟಿಗೆಯಲ್ಲಿ ಹಣ್ಣು, ಗಿಣಿ, ಆನೆ ಕೆತ್ತುತ್ತಿದ್ದ. ಅವ್ವ ಬಣ್ಣ ಹಚ್ಚುತ್ತಿದ್ದಳು. ಪಂಚಮಿ ಹತ್ತಿರ ಬಂತೆಂದರೆ ಮನೆಯಲ್ಲಿ ಎರಡು ವಾಸನೆ ಜಗಳಾಡುತ್ತಿದ್ದವು. ಹಿಂದಿನ ಅಂಗಳದಲ್ಲಿ ಹುಣಸೆ ಬೀಜದ ಅಂಟು ಕುದಿಯುವ ಒಗರು ವಾಸನೆ, ಅಡುಗೆಮನೆಯಲ್ಲಿ ಆಯಿ ಉಂಡಿಗೆ ಶೇಂಗಾ ಹುರಿಯುವ ವಾಸನೆ. ಆಯಿ ಅಂದರೆ ಅಪ್ಪನ ತಾಯಿ. ನಮ್ಮ ಮನೆಯ ಕಟ್ಟಿಗೆ ಹಣ್ಣುಗಳು ಎಷ್ಟು ಚೆಂದ ಇರುತ್ತಿದ್ದವು ಅಂದರೆ, ಒಮ್ಮೆ ಘಟಪ್ರಭಾದಿಂದ ಬಂದ ಬೀಗರೊಬ್ಬರು ಬುಟ್ಟಿಯಲ್ಲಿದ್ದ ಪೇರಲ ಹಣ್ಣನ್ನು ಕಚ್ಚಿಯೇ ಬಿಟ್ಟಿದ್ದರು. ಹಲ್ಲು ಹಿಡಿದುಕೊಂಡು "ಬಾಳ ಕಾಯಿ ಐತಿ ಬಿಡ್ರಿ" ಅಂದಿದ್ದರು. ಆ ಮಾತು ಓಣಿಯಲ್ಲಿ ವರ್ಷಗಟ್ಟಲೆ ನಡೆಯಿತು.

ನಾನಾಗ ಮೂರನೆಯ ಇಯತ್ತೆ. ಎದುರು ಮನೆಯ ಬೇವಿನ ಮರಕ್ಕೆ ಪಂಚಮಿ ಜೋಕಾಲಿ ಕಟ್ಟಿದ್ದರು. ಆ ಮನೆಯ ಕಸ್ತೂರಿ ನನ್ನದೇ ವಾರಿಗೆಯವಳು, ಒಮ್ಮೆ ಹಲಗೆಯ ಮೇಲೆ ಕೂತಳೆಂದರೆ ಇಳಿಯುವ ಹೆಸರೇ ಇಲ್ಲ. ನನ್ನ ಪಾಳಿ ಬಂತು ಅಂತ ಹಗ್ಗ ಹಿಡಿದೆ. ಅವಳು ಕಾಲಿನಿಂದ ಒದ್ದಳು. ನಾನು ಅವಳ ಜಡೆ ಹಿಡಿದೆಳೆದೆ. ಆಗ ಅವಳು ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಹೋಗ, ಸಾಕಿದ ಮಗಳ! ನಮ್ಮವ್ವ ಹೇಳ್ಯಾಳ. ನಿಮ್ಮನ್ಯಾಗ ಹಣ್ಣೂ ಖೊಟ್ಟಿ, ಮಗಳೂ ಖೊಟ್ಟಿ!"

ನಾನು ಅವಳ ಮುಂಗೈ ಹಿಡಿದು ಕಚ್ಚಿದೆ, ಹಲ್ಲಿನ ಅಚ್ಚು ಮೂಡುವಂತೆ ಕಚ್ಚಿದೆ. "ಖೊಟ್ಟಿ ಹಲ್ಲ ಹಿಂಗ ಕಡಿತಾವೇನ?" ಅಂತ ಕೇಳಿ ಮನೆಗೆ ಓಡಿದೆ. ಆ ಕಚ್ಚಿದ್ದರ ಬಗ್ಗೆ ನನಗೆ ಅವತ್ತೂ ಪಶ್ಚಾತ್ತಾಪ ಆಗಿಲ್ಲ, ಇವತ್ತೂ ಇಲ್ಲ.

ಅವ್ವ ಗಿಣಿಗಳ ರೆಕ್ಕೆಗೆ ಹಸಿರು ಹಚ್ಚುತ್ತ ಕೂತಿದ್ದಳು. ನಾನು ನೇರ ಹೋಗಿ ಎದುರು ನಿಂತೆ.

"ಅವ್ವಾ, ನಾ ನಿನ್ನ ಮಗಳ ಹೌದಿಲ್ಲ?"

ಕೈಯಲ್ಲಿದ್ದ ಕುಂಚ ನಿಂತುಹೋಯಿತು. ಅವ್ವ ಬಾಯಿ ತೆರೆಯುವ ಮೊದಲೇ ಆಯಿ ಒಳಗಿನಿಂದ ಹುರಿಯುವ ಸೌಟು ಹಿಡಿದುಕೊಂಡೇ ಬಂದಳು. "ಯಾವ ಬಾಯಿಸತ್ತಾಕಿ ಹೇಳಿದ್ಲ ಹಂಗ? ಹುಚ್ಚಪ್ಯಾಲಿ, ನೀ ನಮ್ಮಾಕಿನ. ಹೋಗ, ಆಡ ಹೋಗ" ಅಂದಳು. ಆಮೇಲೆ ಅವ್ವನ ಕಡೆ ತಿರುಗಿ ದನಿ ಇಳಿಸಿದಳು. ನನಗೆ ಕೇಳಿಸದು ಅಂತ ತಿಳಿದಿದ್ದಳೇನೋ, ನನಗೆ ಎಲ್ಲ ಕೇಳಿಸಿತು. "ಹೇಳೀಯಂದ್ರ ನೋಡ. ತಿಳೀತಂದ್ರ ಕೂಸು ನಮಗ ಉಳಿಯಂಗಿಲ್ಲ. ಹಡೆದಾಕಿ ಕಡೆ ಜೀವ ಎಳೀತೈತಿ."

ಅಷ್ಟು ಕೇಳಿದ ಮೇಲೆ ಇನ್ನೇನು ತಿಳಿಯಬೇಕು? ಆದರೆ ನನಗೆ ಅರ್ಧ ಮಾತು ಬೇಡವಾಗಿತ್ತು. ಕಂಬಕ್ಕೆ ಬೆನ್ನು ಹಚ್ಚಿ ಕೂತೆ. "ಖರೆ ಹೇಳೂತನಕ ನಾ ಉಣ್ಣಂಗಿಲ್ಲ" ಅಂದೆ. ಆಯಿ ಬೈದಳು, ಮುದ್ದು ಮಾಡಿದಳು, ಬಿಸಿ ಉಂಡಿ ತಂದು ಮೂಗಿಗೆ ಹಿಡಿದಳು. ಶೇಂಗಾ, ಬೆಲ್ಲ, ಏಲಕ್ಕಿ! ಬಾಯಲ್ಲಿ ನೀರು ಬಂದರೂ ತುಟಿ ತೆರೆಯಲಿಲ್ಲ. ಅಪ್ಪ ಉಳಿ ಕೆಳಗಿಟ್ಟು ನನ್ನನ್ನೂ ಅವ್ವನನ್ನೂ ನೋಡಿದ. "ನಿನ್ನ ಮಗಳ ಹೌದ ಬಿಡ. ಹಟ ನಿನ್ನದ ಐತಿ" ಅಂದ ಅವ್ವನಿಗೆ.

ಅವ್ವ ಎದ್ದಳು. ಅಪ್ಪನ ಹಳೆಯ ಧೋತರವೊಂದನ್ನು ಹರಿದು ಚೌಕ ಚೌಕ ತುಂಡು ಮಾಡಿದಳು. ಎರಡೆರಡು ತುಂಡು ಸೇರಿಸಿ, ಗೊಂಬೆಗೆ ಹಚ್ಚುವ ಅಂಟನ್ನೇ ಬಳಿದು, ಕಲ್ಲಿನ ಕೆಳಗೆ ಒತ್ತಿ ಬಿಸಿಲಿಗಿಟ್ಟಳು. ಒಣಗಿದ ಮೇಲೆ ಅವು ರಟ್ಟಿನಂತೆ ಗಟ್ಟಿಯಾದವು. ಅವುಗಳ ಮೇಲೆ ಬಿಳಿ ಬಳಿದು, ಗೋಣಿ ಹೊಲಿಯುವ ದಬ್ಬಣದಿಂದ ಒಂದು ಅಂಚು ಪುಸ್ತಕದಂತೆ ಹೊಲಿದಳು. ಮಾರುವ ಗಿಣಿಗಳು ಅರ್ಧಕ್ಕೇ ನಿಂತಿದ್ದವು. ಆಯಿ ಗೊಣಗುತ್ತಲೇ ಇದ್ದಳು. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಮಾತ್ರ ಅಂದಳು: "ನೀ ಉಣ್ಣ. ನಾಳಿ ನಿನಗ ಎಲ್ಲಾ ಹೇಳ್ತೇನಿ. ಬಾಯಿಲೆ ಹೇಳಾಕ ಹೋದ್ರ ನನಗ ಅಳು ಬರ್ತೈತಿ, ಅದಕ ಚಿತ್ರ ಬರದ ತೋರಿಸ್ತೇನಿ."

ಅವ್ವ ಮಾತು ಕೊಟ್ಟಳೆಂದರೆ ಮುಗಿಯಿತು. ನಾನು ಉಂಡೆ, ಹಿಂದಿನ ಬಾಕಿಯನ್ನೂ ಸೇರಿಸಿ ಉಂಡೆ.

ಮರುದಿನ ಮಧ್ಯಾಹ್ನ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪುಸ್ತಕ ತೆರೆದಳು. ಮೊದಲ ಪುಟದಲ್ಲಿ ಒಂದು ಗುಡಿಸಲು, ಬಾಗಿಲಲ್ಲಿ ನಾಲ್ಕು ಹುಡುಗಿಯರು, ಹೊಟ್ಟೆ ದೊಡ್ಡದಾದ ಒಬ್ಬ ಹೆಂಗಸು.

"ಇದು ನಾಗನೂರ. ಇಕಿ ನಿನ್ನ ಹಡೆದಾಕಿ. ನೀ ಹೊಟ್ಯಾಗಿದ್ದಾಗ ಇಕಿ ಗಂಡ ಸತ್ತ."

ಎರಡನೆಯ ಪುಟದಲ್ಲಿ ಅಪ್ಪ, ಅವ್ವ ತಲೆಯ ಮೇಲೆ ಗೊಂಬೆಯ ಬುಟ್ಟಿ ಹೊತ್ತು ಹೊರಟಿದ್ದರು. ಬುಟ್ಟಿಯಲ್ಲಿ ಪೇರಲ, ಸೀತಾಫಲ, ಗಿಣಿ, ಎಲ್ಲ ಸಣ್ಣ ಸಣ್ಣಗೆ. "ನಾವು ಸಂತಿಗೆ ಹೊಂಟಿದ್ವಿ. ನೀರ ಕುಡಿಯಾಕ ಅಕಿ ಮನಿ ಮುಂದ ನಿಂತ್ವಿ. ಒಳಗ ಕೂಸು ಅಳತಿತ್ತ. ಅಕಿ ಮೈಯಾಗ ಹಾಲ ಇರಲಿಲ್ಲ, ಮಗಳ. ಒಂದ ಹನಿ ಇರಲಿಲ್ಲ."

ಆಮೇಲೆ ಮೂರನೆಯ ಪುಟ. ಆ ಹೆಂಗಸು ಬಗ್ಗಿ ಅವ್ವನ ಉಡಿಯಲ್ಲಿ ಕೆಂಪಗಿನ ಒಂದು ಕೂಸನ್ನು ಹಾಕುತ್ತಿದ್ದಳು. ಮುತ್ತೈದೆಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುತ್ತಾರಲ್ಲ, ಹಾಗೆಯೇ. ಅವ್ವ ಎರಡೂ ಕೈಯಿಂದ ಸೆರಗು ಹಿಡಿದಿದ್ದಳು.

"ನಾವು ಬೇಡಲಿಲ್ಲ. ಅಕಿನ ಅಂದ್ಲು, ಯಕ್ಕಾ, ನನ್ನ ಕಡೆ ಇದ್ರ ಸಾಯ್ತೈತಿ, ನಿನ್ನ ಉಡ್ಯಾಗ ಹಾಕ್ತೇನಿ, ಬದುಕಿಸ ಅಂತ. ನನಗ ಮಕ್ಕಳಿದ್ದಿಲ್ಲ. ಆದ್ರೂ ನನಗ ಹಿಗ್ಗು ಆಗಲಿಲ್ಲ ಅವತ್ತ. ಅಕಿ ಮಾರಿ ನೋಡಿದ್ರ ಹಿಗ್ಗು ಎಲ್ಲಿಂದ ಬರಬೇಕ?"

"ಅಕಿಗ ಕಣ್ಣ ಇಲ್ಲಲ್ಲ, ಅವ್ವಾ?" ಅಂದೆ. ನಮ್ಮಲ್ಲಿ ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಕಣ್ಣು ಬರೆದ ಮೇಲೆಯೇ ಗೊಂಬೆ ಮಾರಾಟಕ್ಕೆ. ಆ ಪುಟದಲ್ಲಿ ಅಪ್ಪನಿಗೆ, ಅವ್ವನಿಗೆ, ಕೂಸಿಗೂ ಕಣ್ಣಿದ್ದವು. ಆ ಹೆಂಗಸಿನ ಮುಖ ಮಾತ್ರ ಬರಿದಾಗಿತ್ತು.

"ಅಕಿ ನಿನ್ನ ಹೆಂಗ ನೋಡಿದ್ಲು, ಅದನ್ನ ಬರಿಯಾಕ ನನ್ನ ಕೈಲೆ ಆಗಲಿಲ್ಲ. ನೀನ ಹೋಗಿ ನೋಡಿ ಬಂದ ಬರಿ."

ಅಷ್ಟು ಹೇಳಿ ಅವ್ವ ನನ್ನನ್ನು ಬಿಗಿಯಾಗಿ ಹಿಡಿದುಕೊಂಡಳು. ಆಗ ನನಗೆ ತಿಳಿಯಲಿಲ್ಲ, ಈಗ ತಿಳಿಯುತ್ತದೆ. ಆಯಿ ಹೆದರಿದ್ದಕ್ಕಿಂತ ಹೆಚ್ಚು ಅವ್ವ ಹೆದರಿದ್ದಳು. ಕೂಸು ಹೋಗಿಬಿಟ್ಟರೆ ಅವಳಿಗೆ ಜಗತ್ತಿನಲ್ಲಿ ಬೇರೆ ಏನೂ ಇರಲಿಲ್ಲ. ಅಷ್ಟು ಹೆದರಿಕೆ ಇಟ್ಟುಕೊಂಡೂ ದಾರಿ ತೋರಿಸಿದಳಲ್ಲ, ಅದಕ್ಕೆ ಎಂಥ ಎದೆಗಾರಿಕೆ ಬೇಕು!

ಕೊನೆಯ ಪುಟದಲ್ಲಿ ಒಂದು ಆಡು, ಅದರ ಹತ್ತಿರ ಬಟ್ಟಲು ಹಿಡಿದ ಮುದುಕಿ. ನಮ್ಮ ಬಾಜೂ ಮನೆಯ ಹುಸೇನಬಿ ಮಾವಶಿ. ಅವಳ ಆಡಿನ ಹಾಲು ಕುಡಿದೇ ನಾನು ಬದುಕಿದ್ದು. ಪಕ್ಕದಲ್ಲಿ ನಾನು ಅಪ್ಪನ ಹೆಗಲ ಮೇಲೆ, ಕೈಯಲ್ಲಿ ಗಿಣಿ ಹಿಡಿದು ಕೂತಿದ್ದೆ. ನನ್ನ ಹಲ್ಲುಗಳನ್ನು ಅವ್ವ ಸ್ವಲ್ಪ ದೊಡ್ಡದಾಗಿಯೇ ಬರೆದಿದ್ದಳು. ಕಸ್ತೂರಿಯ ಮುಂಗೈ ಸುದ್ದಿ ಅವಳಿಗೆ ಮುಟ್ಟಿತ್ತು ಅಂತ ಕಾಣುತ್ತದೆ.

ಪಂಚಮಿ ಬಂತು. ನಾಗಪ್ಪನಿಗೆ ಹಾಲು ಹಾಕುವ ರೀತಿ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಓಣಿಯ ಕಟ್ಟೆಯ ಮುಂದೆ ಎಲ್ಲರೂ ಕೂಡುತ್ತಾರೆ. ಕೊಬ್ಬರಿ ಬಟ್ಟಲಿನಿಂದ ಕಲ್ಲು ನಾಗಪ್ಪನ ಮೇಲೆ ಸ್ವಲ್ಪ ಸ್ವಲ್ಪ ಹಾಲು ಬಿಡುತ್ತ "ದೇವರ ಪಾಲ, ಗುರುವಿನ ಪಾಲ, ಅಪ್ಪನ ಪಾಲ, ಅವ್ವನ ಪಾಲ" ಅಂತ ಮನೆಯವರ ಹೆಸರೆಲ್ಲ ಹೇಳಬೇಕು. ಒಬ್ಬರನ್ನೂ ಬಿಡುವಂತಿಲ್ಲ. ಆ ವರ್ಷ ನನಗೆ ಹೊಸ ಪರಕಾರ ಲಂಗ ಹೊಲಿಸಿದ್ದರು. ಆಯಿ ನನ್ನ ಕೈಗೆ ಬಟ್ಟಲು ಕೊಟ್ಟಳು.

ದೇವರಿಗೆ ಹಾಕಿದೆ. ಗುರುವಿಗೆ ಹಾಕಿದೆ. ಅಪ್ಪ, ಆಯಿ ಇಬ್ಬರಿಗೂ ಹಾಕಿದೆ. "ಅವ್ವನ ಪಾಲ" ಅಂದೆ, ಹಾಕಿದೆ. ಬಟ್ಟಲಲ್ಲಿ ಇನ್ನೂ ಹಾಲಿತ್ತು. ಒಂದು ಹನಿ ಹಾಲಿಲ್ಲದ ಆ ಹೆಂಗಸು ನೆನಪಾದಳು. ಎಲ್ಲರಿಗೂ ಪಾಲಿರುವಾಗ ಅವಳಿಗೆ ಮಾತ್ರ ಯಾಕಿಲ್ಲ?

"ಅವ್ವನ ಪಾಲ" ಅಂತ ಮತ್ತೊಮ್ಮೆ ಜೋರಾಗಿ ಅಂದೆ, ಹಾಕಿದೆ.

ಕಟ್ಟೆಯ ಸುತ್ತಲಿನವರೆಲ್ಲ ತಿರುಗಿ ನೋಡಿದರು. ಆಯಿ ನನ್ನ ರಟ್ಟೆ ಹಿಡಿದಳು. "ಆಗ್ಲೆ ಹಾಕೀಯಲ್ಲ, ಸಾಕ ಏಳ!" ಅಂದಳು. ಕಸ್ತೂರಿಯ ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತ ನನ್ನನ್ನು ಕೇಳಿದಳು, "ಏನ ನೀಲವ್ವಾ, ಎಷ್ಟ ಮಂದಿ ಅವ್ವಗೋಳು ನಿನಗ?"

ನಾನು ಎದ್ದು ನಿಂತೆ. "ಇಬ್ಬರು. ಒಬ್ಬಾಕಿ ಹಡದಾಳ, ಒಬ್ಬಾಕಿ ಜ್ವಾಪಾನ ಮಾಡ್ಯಾಳ. ನಿಮ್ಮ ಕಸ್ತೂರಿಗೆ ಒಬ್ಬಾಕಿನ ಅದಾಳ ಅಂದ್ರ ನಾ ಏನ ಮಾಡ್ಲಿ?"

ಆ ಬಾಯಿಗೆ ಒಂದು ಏಟು ಬೀಳುತ್ತದೆ ಅಂತ ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ತೆರೆದಾಗ ಅವ್ವ ನನ್ನ ಪಕ್ಕದಲ್ಲಿ ಕೂತಿದ್ದಳು. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಸ್ವಲ್ಪ ಹಾಲು ಸೀರೆಯ ಮೇಲೆ ಚೆಲ್ಲಿತು. ಇಡೀ ಓಣಿಯ ಮುಂದೆ, ಒಂದು ಮಾತೂ ನುಂಗದೆ ಅಂದಳು: "ನನ್ನ ನಾಗನೂರ ತಂಗಿ ಪಾಲ."

ಅಕ್ಕತಂಗಿಯರಿಗೆ ಹಾಕುವಂತೆಯೇ ಹಾಕಿದಳು. ಆಮೇಲೆ ತಲೆ ಎತ್ತಿ ಕಸ್ತೂರಿಯ ಅವ್ವನನ್ನು ನೋಡಿದಳು. "ಮತ್ತೇನರ ಕೇಳೂದೈತೇನ್ರಿ? ಇದ್ರ ನನ್ನ ಕೇಳ್ರಿ. ಕೂಸಿನ್ನ ಕೇಳಬ್ಯಾಡ್ರಿ."

ಕಸ್ತೂರಿಯ ಅವ್ವ ಸೆರಗು ಸರಿಮಾಡಿಕೊಳ್ಳುತ್ತ ಹಿಂದೆ ಸರಿದಳು. ತನ್ನ ಬಾಗಿಲ ಕಟ್ಟೆಯ ಮೇಲೆ ಕೂತಿದ್ದ ಹುಸೇನಬಿ ಮಾವಶಿ, "ಏ ತಂಗಿ, ನನ್ನ ಆಡ ಏನ ಪಾಪ ಮಾಡೈತಿ, ಅದಕ್ಕಿಲ್ಲೇನ ಪಾಲ?" ಅಂತ ಕೂಗಿದಳು. ನಾನು ಬಟ್ಟಲು ಕಸಿದುಕೊಂಡು "ಆಡಿನ ಪಾಲ!" ಅಂತ ಉಳಿದದ್ದೆಲ್ಲ ಸುರಿದುಬಿಟ್ಟೆ. ಅಪ್ಪ ನಕ್ಕ. ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ಆಯಿ ನಗಲಿಲ್ಲ. ಆದರೆ ಮನೆಗೆ ಬಂದಮೇಲೆ ಬುಟ್ಟಿಯ ತಳದಿಂದ ಎಲ್ಲಕ್ಕಿಂತ ದೊಡ್ಡ ಉಂಡಿ ತೆಗೆದು ನನ್ನ ಕೈಗಿಟ್ಟಳು. "ಎಲ್ಲಿಗೂ ಹೋಗಬ್ಯಾಡವಾ" ಅಂದಳು. ಆಗ ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. "ನಾ ಎಲ್ಲಿ ಹೋಗ್ಲಿ, ಜೋಕಾಲಿ ಪಾಳಿ ಇನ್ನೂ ಬಂದಿಲ್ಲ" ಅಂದೆ.

ಆ ಪುಸ್ತಕ ಓಣಿಯ ಮಕ್ಕಳ ಕೈಯಲ್ಲೆಲ್ಲ ತಿರುಗಿತು. ಅಕ್ಷರ ಇಲ್ಲದ್ದರಿಂದ ಎಲ್ಲರೂ ಓದಬಹುದಾಗಿತ್ತು. ಕಸ್ತೂರಿಯೂ ಕೇಳಿಕೊಂಡು ಬಂದಳು. ನಾನು ಮೊದಲು ಮೂಗು ಮುರಿದು, ಆಮೇಲೆ ಕೊಟ್ಟೆ. ಅವಳು ಅದನ್ನು ಮನೆಗೊಯ್ದು ತನ್ನವ್ವನಿಗೆ ತೋರಿಸಿ, "ನಾ ಹೆಂಗ ಬಂದೆ? ನಂದೂ ಬರದ ತೋರಿಸ" ಅಂತ ಗಂಟುಬಿದ್ದಳಂತೆ. ಅವಳವ್ವ ಸಂಜೆಯೇ ಪುಸ್ತಕ ತಂದು ಕೊಟ್ಟು, "ಯವ್ವಾ, ಇದನ್ನ ನಮ್ಮನಿಗೆ ಕಳಿಸಬ್ಯಾಡ್ರಿ" ಅಂತ ಕೈ ಮುಗಿದು ಹೋದಳು. ನಮ್ಮವ್ವ ಬಿದ್ದು ಬಿದ್ದು ನಕ್ಕಳು.

ಪಂಚಮಿ ಮುಗಿದ ಮೇಲೆ ಅವ್ವ ನನ್ನನ್ನು ನಾಗನೂರಿಗೆ ಕರೆದುಕೊಂಡು ಹೋದಳು. ಗಂಟಿನಲ್ಲಿ ಉಂಡಿ, ರವಿಕೆ ಹೊಲಿಸಲು ಒಂದು ಕುಬಸದ ಕಣ, ನನ್ನ ಕಿಸೆಯಲ್ಲಿ ಸಣ್ಣ ಕುಂಚ. ಗುಡಿಸಲಿದ್ದ ಜಾಗದಲ್ಲಿ ಬೇರೆ ಯಾರೋ ದನ ಕಟ್ಟಿದ್ದರು. ಮಕ್ಕಳನ್ನು ಕರೆದುಕೊಂಡು ಕೊಲ್ಲಾಪುರ ಕಡೆ ದುಡಿಯಲು ಹೋದಳು, ತಿರುಗಿ ಬರಲಿಲ್ಲ ಅಂದರು. ಆಮೇಲೆ ಎಷ್ಟು ಕೇಳಿದರೂ ಸುಳಿವು ಸಿಗಲಿಲ್ಲ. ಅವ್ವ ದಾರಿಯುದ್ದಕ್ಕೂ ಅತ್ತಳು. ನಾನು ಅಳಲಿಲ್ಲ, ಅವಳ ಸೆರಗು ಹಿಡಿದುಕೊಂಡು ನಡೆದೆ. ಮೂರನೆಯ ಪುಟದ ಕಣ್ಣು ಬರೆಯದೆಯೇ ಉಳಿದವು.

ಈಗ ಆ ಪುಸ್ತಕವೂ ಇಲ್ಲ. ಹುಣಸೆ ಅಂಟಿನ ರುಚಿ ಇಲಿಗಳಿಗೆ ಬಹಳ ಇಷ್ಟ, ಒಂದು ಮಳೆಗಾಲದಲ್ಲಿ ತಿಂದು ಮುಗಿಸಿದವು. ಅವ್ವ ಇಲ್ಲ, ಅಪ್ಪ ಇಲ್ಲ. ನಮ್ಮ ಓಣಿಯಲ್ಲಿ ಅಂಟು ಕುದಿಯುವ ವಾಸನೆ ನಿಂತು ಎಷ್ಟೋ ಕಾಲವಾಯಿತು. ಮನೆಮನೆಯಲ್ಲಿ ಈಗ ಪ್ಲಾಸ್ಟಿಕ್ ಹಣ್ಣು, ಅವನ್ನು ಯಾವ ಬೀಗರೂ ಕಚ್ಚುವುದಿಲ್ಲ. ಹೋದ ವರ್ಷ ಪರಿಚಯದ ಗಂಡ ಹೆಂಡತಿ ಒಂದು ಹೆಣ್ಣು ಕೂಸನ್ನು ದತ್ತಕ ತಂದರು. ದತ್ತಕದ ವಿಷಯ ಮಕ್ಕಳಿಗೆ ಹೇಗೆ ಹೇಳಬೇಕು ಅಂತ ತಿಳಿಸುವ ಪುಸ್ತಕವೂ ಅವರ ಮನೆಯಲ್ಲಿದೆ. ಹೊಳೆಯುವ ಕಾಗದ, ಚೆಂದದ ಚಿತ್ರ. ಅದನ್ನು ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ಮುಚ್ಚಿಟ್ಟಿದ್ದಾರೆ. "ನೀವೂ ಯಾರಿಗೂ ಹೇಳಬ್ಯಾಡ್ರಿ, ಅಕಿ ದೊಡ್ಡಾಕಿ ಆಗ್ಲಿ" ಅಂದರು. ಮೈ ಉರಿಯಿತು ನನಗೆ. ಪುಸ್ತಕ ಕೊಂಡರೆ ಸಾಕೇ, ಅದನ್ನು ತೊಡೆಯ ಮೇಲಿಟ್ಟುಕೊಂಡು ತೆರೆಯುವ ಎದೆ ಬೇಡವೇ? ಈಗ ಕಳೆದುಹೋದದ್ದು ಯಾವುದು ಅಂತ ಕೇಳಿದರೆ ನಾನು ಆ ಎದೆಯನ್ನೇ ಹೇಳುತ್ತೇನೆ. ಅವರಿಗೂ ಹೇಳಿ ಬಂದೆ. ಕೂಸು ಇನ್ನೊಬ್ಬರ ಬಾಯಿಂದ ಕೇಳುವ ಮೊದಲು ನಿಮ್ಮ ಬಾಯಿಂದ ಕೇಳಲಿ, ಇಲ್ಲವಾದರೆ ಅದಕ್ಕೆ ಕಚ್ಚುವುದನ್ನಾದರೂ ಕಲಿಸಿ ಅಂದೆ. ಅವರಿಗೆ ಸಿಟ್ಟು ಬಂತು. ಬರಲಿ.

ಈ ವರ್ಷದ ಪಂಚಮಿಗೂ ಕಟ್ಟೆಗೆ ಹೋಗಿದ್ದೆ. ಮೊಣಕಾಲು ನೋವು, ಕೂತರೆ ಏಳುವುದು ಕಷ್ಟ. ಪಕ್ಕದಲ್ಲಿದ್ದ ಹೊಸ ಸೊಸೆಯೊಬ್ಬಳು ಮೆಲ್ಲಗೆ, "ಅಜ್ಜಿ, ಅವ್ವನ ಪಾಲ ಎರಡ ಸಲ ಹಾಕಿದ್ರಿ" ಅಂತ ನೆನಪಿಸಿದಳು. ಮರೆತು ಹಾಕಿದೆ ಅಂದುಕೊಂಡಳು ಪಾಪ.

"ಹೌದವಾ" ಅಂದೆ, "ನೀ ಎಣಸಿದ್ದ ಬರೋಬ್ಬರಿ ಐತಿ."